ಹಳೆ ಸ್ಲಾಂಟ್ ಸಿಕ್ಸ್ ಇಂಜಿನ್‌ಗೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕೋದು ಹೇಗೆ

ಅಮೆರಿಕದಲ್ಲಿ ಹಳೆ ಕಾರು ತಗೊಂಡು ರಿಪೇರಿ ಮಾಡೋ ಹುಚ್ಚಿರೋ ನಮ್ಮವರು ಈಗ ಸುಮಾರು ಜನ ಇದಾರೆ, ಅದರಲ್ಲಿ ಡಾಡ್ಜ್ ಡಾರ್ಟ್ ಅಥವಾ ಪ್ಲಿಮತ್ ವ್ಯಾಲಿಯಂಟ್ ತಗೊಂಡವರು ಕೇಳೋ ಮೊದಲನೇ ಪ್ರಶ್ನೆ ಇದೇ, ಪಾಯಿಂಟ್ ಕಿತ್ತು ಹಾಕಿ ಎಲೆಕ್ಟ್ರಾನಿಕ್ ಮಾಡ್ಬಹುದಾ ಅಂತ (ಪ್ಲಗ್‌ಗಳಿಗೆ ಸರದಿ ಪ್ರಕಾರ ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ, ಇಂಜಿನ್ ತಿರುಗಿದಂಗೆ ತೆರೆದು ಮುಚ್ಚಿ ಸ್ಪಾರ್ಕ್ ಹುಟ್ಟಿಸೋ ಸಣ್ಣ ಸ್ವಿಚ್ಚೇ ಪಾಯಿಂಟ್). ಮಾಡ್ಬಹುದು, ಮಾಡ್ಲೇಬೇಕು ಅಂತಾನೂ ಹೇಳ್ತೀನಿ, ಆದ್ರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದರಿಂದ ಗಾಡಿ ರಾಕೆಟ್ ಆಗಲ್ಲ. ಸರಿಯಾಗಿ ಸೆಟ್ ಮಾಡಿರೋ ಪಾಯಿಂಟ್ ಇದ್ರೆ ಪವರ್‌ನಲ್ಲಿ ನಿಮಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ. ಸಿಗೋದು ಏನಪ್ಪಾ ಅಂದ್ರೆ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗೋದು, ಟೈಮಿಂಗ್ (ಸ್ಪಾರ್ಕ್ ಬರೋ ಹೊತ್ತು) ಅಲುಗಾಡದೆ ನಿಲ್ಲೋದು, ಮತ್ತೆ ಕೆಲವು ಸಾವಿರ ಮೈಲಿಗೊಂದ್ಸಲ ಫಿಲ್ಲರ್ ಗೇಜ್ (ಸಂದು ಅಳೆಯೋ ತೆಳು ಲೋಹದ ಪಟ್ಟಿ) ಹಿಡ್ಕೊಂಡು ಬಾನೆಟ್ ಒಳಗೆ ಬಗ್ಗೋ ಕೆಲಸ ತಪ್ಪೋದು. ಇನ್ನೊಂದು ವಿಷ್ಯ, ಇದ್ರಲ್ಲಿ ಮುಕ್ಕಾಲು ಪಾಲು ಲಾಭ ಬರೋದು ಹೊಸ ಮಾಡ್ಯೂಲ್‌ನಿಂದ (ಪಾಯಿಂಟ್ ಬದಲು ಕೆಲಸ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಅಲ್ಲ, ಅದನ್ನ ಹಾಕೋ ನೆಪದಲ್ಲಿ ನೀವು ಸರಿಮಾಡೋ ವೈರಿಂಗ್‌ನಿಂದ. ಜನ ದುಬಾರಿ ಕಾಯಿಲ್ (12 ವೋಲ್ಟನ್ನ ಸಾವಿರಾರು ವೋಲ್ಟ್ ಮಾಡಿ ಸ್ಪಾರ್ಕ್ ಕೊಡೋದು) ತಗೊಂಡು, ಅದಕ್ಕೆ ಕರೆಂಟ್ ಕೊಡೋ ಐವತ್ತು ವರ್ಷದ ತುಕ್ಕು ವೈರನ್ನ ಹಂಗೇ ಬಿಟ್ಟಿರ್ತಾರೆ.

ಇಂಜಿನ್ ಗೊತ್ತಿಲ್ದೋರಿಗೆ ಎರಡು ಮಾತು. ಕ್ರೈಸ್ಲರ್ ಕಂಪನಿ 1960ರ ಮಾಡೆಲ್ ವ್ಯಾಲಿಯಂಟ್ ಜೊತೆ ತಂದ ಇನ್‌ಲೈನ್ ಆರು ಸಿಲಿಂಡರ್ ಇದು, 30 ಡಿಗ್ರಿ ವಾಲಿಸಿ ಕೂರಿಸಿರೋದ್ರಿಂದ ಸ್ಲಾಂಟ್ ಸಿಕ್ಸ್ ಅಂತಾರೆ. 170, 198, 225 ಕ್ಯೂಬಿಕ್ ಇಂಚು ಅಂತ ಮೂರು ಸೈಜ್, ಜಾಸ್ತಿ ಸಿಗೋದು 225, ಅಂದ್ರೆ ನಮ್ಮ ಲೆಕ್ಕದಲ್ಲಿ 3.7 ಲೀಟರ್. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗೋ ಸರದಿ) 1-5-3-6-2-4, ಡಿಸ್ಟ್ರಿಬ್ಯೂಟರ್ ಒಳಗೆ ಸ್ಪಾರ್ಕ್ ಹಂಚೋ ರೋಟರ್ ತಿರುಗೋದು ಗಡಿಯಾರದ ದಿಕ್ಕಲ್ಲಿ. 1972ರವರೆಗೆ ಬಹುಪಾಲು ಗಾಡಿಗಳಿಗೆ ಪಾಯಿಂಟ್ ಇತ್ತು, 1973ರಿಂದ ಕ್ರೈಸ್ಲರ್‌ನೋರು ಎಲ್ಲಾ ಕಾರಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಸ್ಟ್ಯಾಂಡರ್ಡ್ ಮಾಡಿದ್ರು. ನಮಗೆ ಅನುಕೂಲ ಆಗೋದು ಅದೇ.

ಊರಲ್ಲಿ ಹಳೆ ಡಾಡ್ಜ್ ಕಿಂಗ್ಸ್‌ವೇ, ಪ್ಲಿಮತ್ ಇಟ್ಕೊಂಡಿರೋರು, ಅಂದ್ರೆ ಪ್ರೀಮಿಯರ್ ಆಟೋಮೊಬೈಲ್ಸ್‌ನೋರು ಬಾಂಬೆ ಕುರ್ಲಾದಲ್ಲಿ ಜೋಡಿಸ್ತಿದ್ದ ಗಾಡಿಗಳು, ದಯವಿಟ್ಟು ಇದನ್ನ ಓದಿ ನೇರ ವೈರಿಂಗ್ ಮಾಡೋಕೆ ಹೋಗ್ಬೇಡಿ. ಅವು ಅದಕ್ಕೂ ಹಿಂದಿನ ಫ್ಲಾಟ್‌ಹೆಡ್ ಸಿಕ್ಸ್ (ವಾಲ್ವ್ ಹೆಡ್‌ನಲ್ಲಿರದೆ ಬ್ಲಾಕ್‌ನಲ್ಲಿರೋ ಇಂಜಿನ್), 1955ರವರೆಗಿನವು 6 ವೋಲ್ಟ್, ಅದೂ ಪಾಸಿಟಿವ್ ಅರ್ತಿಂಗ್, ಅಂದ್ರೆ ಬ್ಯಾಟರಿ ಪಾಸಿಟಿವ್ ಬಾಡಿಗೆ. ಈ ಮಾಡ್ಯೂಲ್ ಹಾಕಿದ್ರೆ ಅಲ್ಲೇ ಸುಟ್ಟೋಗತ್ತೆ.

ಪಾಯಿಂಟ್‌ನಲ್ಲಿ ತೊಂದ್ರೆ ಏನು

3000 ಆರ್‌ಪಿಎಂ ಅಂದ್ರೆ ಆರು ಸಿಲಿಂಡರ್‌ಗೆ ನಿಮಿಷಕ್ಕೆ 9000 ಸ್ಪಾರ್ಕ್, ಸೆಕೆಂಡಿಗೆ 150. ಒಂದು ಸ್ಪಾರ್ಕ್‌ಗೂ ಇನ್ನೊಂದಕ್ಕೂ ಮಧ್ಯೆ ಸಿಗೋದು ಹತ್ತತ್ರ 6.7 ಮಿಲಿಸೆಕೆಂಡ್, ಅದರಲ್ಲಿ ಪಾಯಿಂಟ್ ಮುಚ್ಕೊಂಡು ಕಾಯಿಲ್ ಚಾರ್ಜ್ ಆಗೋಕೆ ಸಿಗೋದು 4.7 ಅಷ್ಟೇ, ಯಾಕಂದ್ರೆ ಡ್ವೆಲ್, ಅಂದ್ರೆ ಪಾಯಿಂಟ್ ಮುಚ್ಕೊಂಡಿರೋ ಕೋನ, ಇರೋದು 60 ಡಿಗ್ರಿಯಲ್ಲಿ 40ರಿಂದ 45 ಡಿಗ್ರಿ. ಈ ಡ್ವೆಲ್ ಅನ್ನೋದು ಪಾಯಿಂಟ್ ಗ್ಯಾಪ್ ಮೇಲೆ ನಿಂತಿರತ್ತೆ, ಗ್ಯಾಪ್ 20 ಥೌ (ಇಂಚಿನ ಸಾವಿರದ ಒಂದು ಭಾಗ ಒಂದು ಥೌ) ಅಂದ್ರೆ ಅರ್ಧ ಮಿಲಿಮೀಟರ್ ಆಸುಪಾಸು. ಪಾಯಿಂಟ್‌ನ ಫೈಬರ್ ಸವೀತಾ ಹೋದಂಗೆ ಗ್ಯಾಪ್ ಕಮ್ಮಿ ಆಗತ್ತೆ, ಗ್ಯಾಪ್ ಕಮ್ಮಿ ಆದ್ರೆ ಪಾಯಿಂಟ್ ತಡವಾಗಿ ತೆರ್ಕೊಳತ್ತೆ, ಟೈಮಿಂಗ್ ತಾನಾಗೇ ರಿಟಾರ್ಡ್ ಆಗತ್ತೆ ಅಂದ್ರೆ ಹಿಂದೆ ಬೀಳತ್ತೆ, ಗಾಡಿ ಯಾಕೋ ಮಂಕಾಗಿದೆ ಅಂತ ಅನ್ಸತ್ತೆ ಆದ್ರೆ ಒಂದೇ ದಿನದಲ್ಲಿ ಆಗಿರಲ್ಲ ಹಾಗಾಗಿ ನಿಮಗೆ ಗೊತ್ತೂ ಆಗಲ್ಲ. ಜೊತೆಗೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದು ಶಾಫ್ಟ್ ಅಲ್ಲಾಡ್ತಿದ್ರೆ ಒಂದೊಂದು ಸಿಲಿಂಡರ್‌ಗೂ ಒಂದೊಂದು ಟೈಮಿಂಗ್.

ಪಾಯಿಂಟ್ ಉಳ್ಸೋಕೋಸ್ಕರ ಕಂಪನಿಯೋರೇ ಒಂದು ಬ್ಯಾಲಸ್ಟ್ ರೆಸಿಸ್ಟರ್ ಕೂರಿಸಿರ್ತಾರೆ, ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಮೇಲೆ ಬಿಳಿ ಪಿಂಗಾಣಿ ತುಂಡು ಕಾಣ್ಸತ್ತಲ್ಲ ಅದೇ. ಇಂಜಿನ್ ಓಡ್ತಿರುವಾಗ ಅದು ಕಾಯಿಲ್‌ಗೆ ಹೋಗೋ ವೋಲ್ಟೇಜ್ ಇಳಿಸತ್ತೆ. ಅದು ಒಡೆದ್ರೆ ಗಾಡಿ ಸೆಲ್ಫ್ ಹೊಡಿವಾಗ ಸ್ಟಾರ್ಟ್ ಆಗಿ, ಕೀ ಬಿಟ್ಟ ತಕ್ಷಣ ಸತ್ತೋಗತ್ತೆ.

ಯಾವ ದಾರಿ

ಮೂರು ದಾರಿ ಇದೆ. ಮೊದಲನೇದು ನಿಮ್ಮ ಪಾಯಿಂಟ್ ಡಿಸ್ಟ್ರಿಬ್ಯೂಟರ್ ಒಳಗೇ ಕೂರೋ ಪರ್ಟ್ರಾನಿಕ್ಸ್ ಥರದ ಕಿಟ್. ಅರ್ಧ ಗಂಟೆ ಕೆಲಸ, ಹೊರಗಿಂದ ಏನೂ ಗೊತ್ತಾಗಲ್ಲ, ಶೋಗೆ ಗಾಡಿ ತಗೊಂಡು ಹೋಗೋರಿಗೆ ಚೆನ್ನಾಗಿದೆ. ಆದ್ರೆ ಶಾಫ್ಟ್ ಬುಷ್ ಗಟ್ಟಿ ಇರ್ಬೇಕು. ಆರು ಸಿಲಿಂಡರ್‌ಗೆ ಹಳೇ ಮಾದರಿ ಇಗ್ನೈಟರ್ ಜೊತೆ 3 ಓಮ್ ಕಾಯಿಲ್ ಹಾಕ್ಬೇಕು, ಇಲ್ಲಾ 1.5 ಓಮ್ ಕಾಯಿಲ್ ಇದ್ರೆ ಬ್ಯಾಲಸ್ಟ್ ಇಟ್ಕೋಬೇಕು, ಮಾಡ್ಯೂಲಿನ ಕೆಂಪು ವೈರಿಗೆ ಮಾತ್ರ ಪೂರ್ತಿ 12 ವೋಲ್ಟ್ ಹೋಗ್ಬೇಕು. ಇಂಜಿನ್ ಆಫ್ ಇರುವಾಗ ಕೀ ಆನ್ ಮಾಡಿ ಹಾಡು ಕೇಳ್ತಾ ಕೂತ್ರೆ ಸುಟ್ಟೋಗೋ ಸಾಧ್ಯತೆ ಇದೆ.

ಎರಡನೇದು ಕ್ರೈಸ್ಲರ್‌ದೇ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್, ಕ್ರೈಸ್ಲರ್‌ದೇ ಕಂಟ್ರೋಲ್ ಬಾಕ್ಸ್. ಒರಿಜಿನಲ್ ಬಾಕ್ಸ್ ಸಿಕ್ಕರೆ ಸೂಪರ್. ಈಗ ಸಿಗೋ ಹೊಸ ಬಾಕ್ಸ್‌ಗಳ ಕ್ವಾಲಿಟಿ ಮೇಲೆ ನನಗೆ ನಂಬಿಕೆ ಇಲ್ಲ, ಮತ್ತೆ ಬ್ಯಾಲಸ್ಟ್ ಕಾಟ ಹಾಗೇ ಉಳಿಯತ್ತೆ.

ಮೂರನೇದೇ ನಾನು ಹೇಳೋದು: ಡಿಸ್ಟ್ರಿಬ್ಯೂಟರ್ ಕ್ರೈಸ್ಲರ್‌ದು, ಮಾಡ್ಯೂಲ್ ಮಾತ್ರ ಜನರಲ್ ಮೋಟರ್ಸ್‌ನ ನಾಲ್ಕು ಪಿನ್ನಿನ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್). ಎಪ್ಪತ್ತರ ದಶಕದ ಮಧ್ಯದಿಂದ ಲಕ್ಷಾಂತರ ಗಾಡಿಗೆ ಹಾಕಿರೋ ಮಾಡ್ಯೂಲ್, ಅಮೆರಿಕದ ಯಾವ ಊರಿನ ಪಾರ್ಟ್ಸ್ ಅಂಗಡೀಲೂ ಸಿಗತ್ತೆ. ಅದು ಕರೆಂಟನ್ನ ತಾನೇ ಲಿಮಿಟ್ ಮಾಡತ್ತೆ, ಡ್ವೆಲ್ ತಾನೇ ಅಡ್ಜಸ್ಟ್ ಮಾಡ್ಕೊಳತ್ತೆ, ಹಾಗಾಗಿ ಬ್ಯಾಲಸ್ಟ್ ಬೇಡ. ಡಾಡ್ಜ್ ಒಳಗೆ ಷೆವ್ರೊಲೆ ಪಾರ್ಟಾ ಅಂತ ಮೂಗು ಮುರಿಯೋರು ಇರ್ತಾರೆ, ಇರಲಿ.

ಬೇಕಾಗೋ ಸಾಮಾನು

ಸ್ಲಾಂಟ್ ಸಿಕ್ಸ್‌ನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಒಂದು, 1973ರಿಂದ ಈಚೆಯದು. ಎರಡು ವೈರಿನ ಪಿಕಪ್ (ಶಾಫ್ಟ್ ತಿರುಗೋದನ್ನ ನೋಡಿ ಮಾಡ್ಯೂಲಿಗೆ ಸಿಗ್ನಲ್ ಕೊಡೋ ಕಾಯಿಲ್), ಪಕ್ಕಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿ (ಇಂಜಿನ್ ಎಳೆಯೋ ವ್ಯಾಕ್ಯೂಮ್‌ನಿಂದ ಟೈಮಿಂಗ್ ಮುಂದೆ ತಳ್ಳೋದು) ಇರ್ಬೇಕು. ಆಮೇಲಿನ ವರ್ಷಗಳಲ್ಲಿ ಕಂಪ್ಯೂಟರ್ ಟೈಮಿಂಗ್ ನೋಡ್ಕೊಳ್ತಿದ್ದ ಗಾಡಿಗಳ ಡಿಸ್ಟ್ರಿಬ್ಯೂಟರ್ ಬೇಡ, ಅವುಕ್ಕೆ ವ್ಯಾಕ್ಯೂಮ್ ಡಬ್ಬಿನೇ ಇರಲ್ಲ. ಜಂಕ್ ಯಾರ್ಡ್‌ನಲ್ಲಿ ತಗೊಳ್ಳೋದಾದ್ರೆ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ, ವ್ಯಾಕ್ಯೂಮ್ ಡಬ್ಬಿಗೆ ಪೈಪ್ ಹಾಕಿ ಬಾಯಲ್ಲಿ ಎಳ್ದು ನಾಲಿಗೆ ಅಡ್ಡ ಇಡಿ, ಒಳಗಿನ ಪ್ಲೇಟ್ ತಿರುಗಿ ಹಾಗೇ ನಿಲ್ಬೇಕು. ಗಾಳಿ ಸೋರಿದ್ರೆ ಡಯಾಫ್ರಮ್ ಹೋಗಿದೆ ಅಂತ ಅರ್ಥ.

ನಾಲ್ಕು ಪಿನ್ ಎಚ್‌ಇಐ ಮಾಡ್ಯೂಲ್ ಎರಡು ತಗೊಳ್ಳಿ, ಒಂದು ಹಾಕೋಕೆ ಒಂದು ಸ್ಪೇರ್. ತೀರಾ ಚೀಪ್ ಸಿಕ್ತು ಅಂತ ಆನ್‌ಲೈನಲ್ಲಿ ಹೆಸರಿಲ್ಲದ್ದು ತಗೋಬೇಡಿ. ಕಾಯಿಲ್ ಬಂದು ಇ-ಕೋರ್ (E ಆಕಾರದ ಕಬ್ಬಿಣದ ತಿರುಳಿರೋ) ಕಾಯಿಲ್, ಪ್ರೈಮರಿ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಮ್ಮಿ ಇರೋದು. ಹಳೆ ಉರುಳೆ ಕಾಯಿಲ್‌ನಲ್ಲೂ ನಡೆಯತ್ತೆ ಆದ್ರೆ ಮಾಡ್ಯೂಲಿನ ಪೂರ್ತಿ ಉಪಯೋಗ ಆಗಲ್ಲ. ಒಂದು ದಪ್ಪ ಅಲ್ಯೂಮಿನಿಯಂ ಪ್ಲೇಟ್ ಅಥವಾ ಹೀಟ್ ಸಿಂಕ್, ಕಂಪ್ಯೂಟರ್ ಪ್ರೊಸೆಸರ್‌ಗೆ ಹಚ್ಚೋ ಥರ್ಮಲ್ ಪೇಸ್ಟ್, 30 ಆಂಪಿಯರ್ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಸಾಕೆಟ್ ಸಮೇತ, ಫ್ಯೂಸ್ ಹೋಲ್ಡರ್ ಮತ್ತು 20 ಆಂಪಿಯರ್ ಫ್ಯೂಸ್, 12 ಗೇಜ್ ವೈರ್ ಒಂದಷ್ಟು, ಲಗ್‌ಗಳು, ಹೀಟ್ ಶ್ರಿಂಕ್ ಸ್ಲೀವ್. ಹೊಸ ಕ್ಯಾಪ್, ರೋಟರ್, ಪ್ಲಗ್, ಪ್ಲಗ್ ವೈರ್ ಹೆಂಗೂ ಬೇಕು. ಕ್ಯಾಪ್ ಒಳಗಿನ ಟರ್ಮಿನಲ್ ಹಿತ್ತಾಳೆದು ಇರ್ಲಿ, ಅಲ್ಯೂಮಿನಿಯಂದು ಬೇಗ ಬೂಸ್ಟು ಹಿಡಿಯತ್ತೆ. ಪ್ಲಗ್ ವೈರ್ ಸಪ್ರೆಷನ್ ಟೈಪೇ (ಒಳಗೆ ರೆಸಿಸ್ಟೆನ್ಸ್ ಇದ್ದು ರೇಡಿಯೋ ಗಲಾಟೆ ತಡೆಯೋದು) ಆಗ್ಬೇಕು, ರೇಸಿಂಗ್ ಅಂತ ಹೇಳಿ ಬರೀ ತಾಮ್ರದ ತಂತಿ ಇರೋ ವೈರ್ ಹಾಕಿದ್ರೆ ರೇಡಿಯೋ ಕರ್ರ್ ಅನ್ನೋದಲ್ದೆ ಮಾಡ್ಯೂಲ್‌ಗೂ ತೊಂದ್ರೆ ಕೊಡತ್ತೆ.

ಟೂಲ್ಸ್‌ನಲ್ಲಿ ಮಲ್ಟಿಮೀಟರ್, ಟೈಮಿಂಗ್ ಲೈಟ್ ಇಲ್ದೆ ಶುರು ಮಾಡ್ಲೇಬೇಡಿ. ಮತ್ತೆ ಹಿತ್ತಾಳೆ ಫಿಲ್ಲರ್ ಗೇಜ್ ಒಂದು, ಸ್ಟೀಲ್‌ದು ಆಗಲ್ಲ, ಪಿಕಪ್‌ನಲ್ಲಿರೋ ಅಯಸ್ಕಾಂತ ಅದನ್ನ ಎಳ್ಕೊಂಡು ಗ್ಯಾಪ್ ತಪ್ಪು ತೋರ್ಸತ್ತೆ.

ಮೊದಲು ಹಳೇದನ್ನ ಅಳೀರಿ

ಬಿಚ್ಚೋಕೆ ಮುಂಚೆ ಇಂಜಿನ್ ಈಗ ಹೆಂಗೆ ಓಡ್ತಿದೆ ಬರೆದಿಟ್ಕೊಳ್ಳಿ. ವ್ಯಾಕ್ಯೂಮ್ ಪೈಪ್ ತೆಗೆದು ಬಾಯಿ ಮುಚ್ಚಿ ಐಡಲ್ ಟೈಮಿಂಗ್ ಎಷ್ಟಿದೆ ನೋಡಿ. ಕಂಪ್ರೆಷನ್ ಚೆಕ್ ಮಾಡಿ, ಟ್ಯಾಪೆಟ್ ಅಡ್ಜಸ್ಟ್ ಆಗಿದ್ಯಾ ನೋಡಿ, ಯಾಕಂದ್ರೆ ಈ ಇಂಜಿನ್‌ನಲ್ಲಿ ಬಹಳ ವರ್ಷ ಟ್ಯಾಪೆಟ್ ಕೈಯಲ್ಲೇ ಸೆಟ್ ಮಾಡ್ಬೇಕಿತ್ತು, ವಾಲ್ವ್ ಟೈಟಾಗಿದ್ರೆ ಯಾವ ಇಗ್ನಿಷನ್ ಹಾಕಿದ್ರೂ ಐಡಲ್ ಕುಂಟತ್ತೆ. ಕ್ರ್ಯಾಂಕ್ ಪುಲಿ ಮೇಲಿನ ಸೊನ್ನೆ ಗುರುತು ನಿಜವಾಗ್ಲೂ ಒಂದನೇ ಪಿಸ್ಟನ್ ಟಾಪ್‌ನಲ್ಲಿ ಇದ್ದಾಗಲೇ ಬರತ್ತಾ ಅಂತಾನೂ ಖಾತ್ರಿ ಮಾಡ್ಕೊಳ್ಳಿ, ರಬ್ಬರ್ ಇರೋ ಪುಲಿ ಆಗಿದ್ರೆ ಹೊರಗಿನ ರಿಂಗ್ ಜಾರಿರತ್ತೆ, ಆಗ ಟೈಮಿಂಗ್ ಲೈಟ್ ಹೇಳೋದೆಲ್ಲಾ ಸುಳ್ಳು. ಪ್ಲಗ್ ಹೋಲ್‌ಗೆ ಪಿಸ್ಟನ್ ಸ್ಟಾಪ್ ಹಾಕಿ ಇಂಜಿನ್ನನ್ನ ಕೈಯಲ್ಲಿ ಎರಡೂ ಕಡೆ ತಿರುಗಿಸಿ, ಎರಡು ಗುರುತಿನ ಮಧ್ಯ ಬರೋದೇ ಟಿಡಿಸಿ, ಅಂದ್ರೆ ಪಿಸ್ಟನ್ ತೀರಾ ಮೇಲೆ ಇರೋ ಜಾಗ.

ಡಿಸ್ಟ್ರಿಬ್ಯೂಟರ್ ಬದಲಾಯಿಸೋದು

ಬ್ಯಾಟರಿ ನೆಗೆಟಿವ್ ತೆಗೀರಿ. ಒಂದನೇ ಸಿಲಿಂಡರ್ ಅಂದ್ರೆ ರೇಡಿಯೇಟರ್ ಕಡೆಯದು, ಅದರ ಪ್ಲಗ್ ಬಿಚ್ಚಿ ಹೋಲ್‌ಗೆ ಬೆರಳಿಟ್ಟು ಇಂಜಿನ್ ತಿರುಗಿಸಿ, ಗಾಳಿ ಬೆರಳನ್ನ ತಳ್ಳೋಕೆ ಶುರುವಾದ್ರೆ ಅದು ಕಂಪ್ರೆಷನ್ ಸ್ಟ್ರೋಕ್, ಅಲ್ಲಿಂದ ಪುಲಿ ಗುರುತನ್ನ ಸೊನ್ನೆಗೆ ತನ್ನಿ. ಕ್ಯಾಪ್ ತೆಗೆದು ರೋಟರ್ ಎಲ್ಲಿ ನೋಡ್ತಿದೆ ಅಂತ ಬಾಡಿ ಮೇಲೆ ಗುರುತು ಹಾಕಿ, ಒಂದು ಫೋಟೋನೂ ತೆಕ್ಕೊಳ್ಳಿ. ಕ್ಲ್ಯಾಂಪ್ ಬೋಲ್ಟ್ ತೆಗೆದು ಡಿಸ್ಟ್ರಿಬ್ಯೂಟರ್ ಎಳೀರಿ, ಗೇರ್ ಹಲ್ಲು ಓರೆಯಾಗಿರೋದ್ರಿಂದ ಹೊರಗೆ ಬರ್ತಾ ರೋಟರ್ ಸ್ವಲ್ಪ ತಿರುಗತ್ತೆ, ಎಲ್ಲಿಗೆ ಬಂದು ನಿಲ್ತು ಅನ್ನೋದಕ್ಕೂ ಒಂದು ಗುರುತು ಹಾಕಿ. ಹೊಸದನ್ನ ಆ ಎರಡನೇ ಗುರುತಿಗೆ ಹಿಡಿದು ಒಳಗೆ ಬಿಟ್ರೆ ತಾನಾಗೇ ಮೊದಲನೇ ಗುರುತಿಗೆ ಬಂದು ಕೂರತ್ತೆ. ಡಿಸ್ಟ್ರಿಬ್ಯೂಟರ್ ಹೊರಗಿದ್ದಾಗ ಯಾರೂ ಸೆಲ್ಫ್ ಹೊಡೀದಂಗೆ ನೋಡ್ಕೊಳ್ಳಿ, ಮನೇಲಿ ಮಕ್ಕಳಿದ್ರೆ ಕೀನ ಜೇಬಲ್ಲಿ ಇಟ್ಕೊಳ್ಳಿ.

ಕೂರ್ಸೋಕೆ ಮುಂಚೆ ಕೆಳಗಿನ ಗೇರ್ ಗಮನ ಇಟ್ಟು ನೋಡಿ. ಸ್ಲಾಂಟ್ ಸಿಕ್ಸ್‌ನಲ್ಲಿ ಈ ಗೇರ್ ಪ್ಲಾಸ್ಟಿಕ್, ನೈಲಾನ್. ಹಲ್ಲಿನ ತುದಿ ಚೂಪಾಗಿದ್ರೆ, ಬಿರುಕು ಬಿಟ್ಟಿದ್ರೆ ಹೊಸದು ಹಾಕಿ, ಒಂದು ಪಿನ್ ಹೊಡೆದು ತೆಗೆಯೋದು ಅಷ್ಟೇ ಕೆಲಸ. ಹಾಕೋ ಮುಂಚೆ ಇಂಜಿನ್ ಆಯಿಲ್‌ನಲ್ಲಿ ಚೆನ್ನಾಗಿ ಅದ್ದಿ ಹಾಕಿ, ಒಣ ಗೇರ್ ಹಾಕಿದ್ರೆ ಮೊದಲ ನಿಮಿಷದಲ್ಲೇ ಸವೆಯೋಕೆ ಶುರು.

ಆಮೇಲೆ ಏರ್ ಗ್ಯಾಪ್. ಶಾಫ್ಟ್ ಮೇಲೆ ನಕ್ಷತ್ರದ ಥರ ಆರು ಹಲ್ಲಿನ ರಿಲಕ್ಟರ್ ಇರತ್ತೆ, ಒಂದು ಹಲ್ಲನ್ನ ಪಿಕಪ್‌ಗೆ ನೇರ ತಂದು ಮಧ್ಯೆ 8 ಥೌ ಹಿತ್ತಾಳೆ ಗೇಜ್ ಇಟ್ಟು ಸ್ಕ್ರೂ ಟೈಟ್ ಮಾಡಿ. 10 ಥೌ ಗೇಜ್ ಬಲವಂತ ಮಾಡದೆ ಒಳಗೆ ಹೋಗ್ಬಾರ್ದು. ಒಂದು ಹಲ್ಲಿಗೆ ಸೆಟ್ ಮಾಡಿ ಸುಮ್ನಾಗ್ಬೇಡಿ, ಆರನ್ನೂ ತಿರುಗಿಸಿ ನೋಡಿ, ವ್ಯಾಕ್ಯೂಮ್ ಎಳೆದಾಗಲೂ ಎಲ್ಲೂ ತಾಗ್ಬಾರ್ದು. ಪಿಕಪ್ ಕಾಯಿಲಿನ ರೆಸಿಸ್ಟೆನ್ಸ್ 150ರಿಂದ 900 ಓಮ್ ಒಳಗೆ ಬಂದ್ರೆ ಸರಿ, ಎರಡು ವೈರಲ್ಲಿ ಯಾವುದೂ ಬಾಡಿಗೆ ಶಾರ್ಟ್ ಇರ್ಬಾರ್ದು.

ಮಾಡ್ಯೂಲ್ ಎಲ್ಲಿ, ಹೆಂಗೆ

ಈ ಮಾಡ್ಯೂಲ್ ಸಾಯೋದು ಶಾಖದಿಂದ. ಮ್ಯಾನಿಫೋಲ್ಡ್ ಇರೋ ಕಡೆ ಹಾಕ್ಬೇಡಿ. ಡಿಸ್ಟ್ರಿಬ್ಯೂಟರ್ ಇರೋ ಪ್ಯಾಸೆಂಜರ್ ಕಡೆಯ ಫೆಂಡರ್ ಒಳಗೋಡೆ ಒಳ್ಳೆ ಜಾಗ, ತಂಪು, ವೈರೂ ಗಿಡ್ಡ. ಪೇಂಟ್ ಕೆರೆದು ಅಲ್ಯೂಮಿನಿಯಂ ಪ್ಲೇಟ್ ಬೋಲ್ಟ್ ಮಾಡಿ, ಮಾಡ್ಯೂಲಿನ ತಳಕ್ಕೆ ತೆಳ್ಳಗೆ ಥರ್ಮಲ್ ಪೇಸ್ಟ್ ಹಚ್ಚಿ ಎರಡು ಸ್ಕ್ರೂನಲ್ಲಿ ಕೂರಿಸಿ. ಬಹಳ ಜನ ಮರೆಯೋದು ಇಲ್ಲೇ, ಮಾಡ್ಯೂಲಿಗೆ ಬೇರೆ ಅರ್ತ್ ವೈರ್ ಇಲ್ಲ, ಸ್ಕ್ರೂ ತೂತಿನಲ್ಲಿರೋ ಲೋಹದ ರಿಂಗೇ ಅದರ ಅರ್ತ್. ಹಾಗಾಗಿ ಆ ಸ್ಕ್ರೂ ಕೆಳಗೆ ಒಂದು ಲಗ್ ಹಾಕಿ ಅಲ್ಲಿಂದ ಇಂಜಿನ್ ಬ್ಲಾಕ್‌ಗೆ ಒಂದು ದಪ್ಪ ವೈರ್ ಎಳೀರಿ, ಫೆಂಡರ್ ಮೇಲೆ ಭಾರ ಹಾಕ್ಬೇಡಿ. ಇಂಜಿನ್‌ನಿಂದ ಫೈರ್‌ವಾಲ್‌ಗೆ ಹೋಗೋ ಅರ್ತ್ ಪಟ್ಟಿ ಇದ್ಯೋ ಇಲ್ವೋ ಅದನ್ನೂ ಈಗಲೇ ನೋಡಿ, ಯಾರೋ ಯಾವತ್ತೋ ಇಂಜಿನ್ ಇಳಿಸಿದಾಗ ಬಿಚ್ಚಿ ವಾಪಸ್ ಹಾಕೋದನ್ನ ಮರ್ತಿರ್ತಾರೆ.

ಕನೆಕ್ಷನ್ ಅಷ್ಟೇ: ಮಾಡ್ಯೂಲಿನ ಒಂದು ತುದೀಲಿ ಡಬ್ಲ್ಯೂ ಮತ್ತು ಜಿ, ಅಲ್ಲಿಗೆ ಡಿಸ್ಟ್ರಿಬ್ಯೂಟರಿಂದ ಬರೋ ಎರಡು ಪಿಕಪ್ ವೈರ್. ಇನ್ನೊಂದು ತುದೀಲಿ ಬಿ ಮತ್ತು ಸಿ, ಬಿಗೆ 12 ವೋಲ್ಟ್, ಸಿಯಿಂದ ಕಾಯಿಲ್ ನೆಗೆಟಿವ್. ಕಾಯಿಲ್ ಪಾಸಿಟಿವ್‌ಗೂ ಅದೇ 12 ವೋಲ್ಟ್. ಟ್ಯಾಕೋಮೀಟರ್ ಇದ್ರೆ ಅದರ ವೈರ್ ಕಾಯಿಲ್ ನೆಗೆಟಿವ್‌ಗೇ. ಪಾಯಿಂಟ್ ಕಾಲದ ಕಂಡೆನ್ಸರ್ ಕಾಯಿಲ್ ನೆಗೆಟಿವ್‌ನಲ್ಲಿ ನೇತಾಡ್ತಿದ್ರೆ ಕಿತ್ತು ಬಿಸಾಕಿ. ಪಿಕಪ್ ವೈರ್ ಎರಡನ್ನೂ ಜಡೆ ಥರ ಸುತ್ತಿ ಪ್ಲಗ್ ವೈರ್‌ನಿಂದ ದೂರ ತಗೊಂಡು ಹೋಗಿ.

ಕರೆಂಟ್ ಕೊಡೋದು, ನಿಜವಾದ ಕೆಲಸ ಇಲ್ಲಿರೋದು

ಕ್ರೈಸ್ಲರ್ ಗಾಡಿಗಳಲ್ಲಿ ಒಂದು ವಿಚಿತ್ರ ಇದೆ, ಇದು ಗೊತ್ತಿಲ್ದೆ ಜನ ಇಡೀ ವೀಕೆಂಡ್ ತಲೆ ಕೆರ್ಕೊಂಡಿರ್ತಾರೆ. ಕೀ ರನ್‌ನಲ್ಲಿ ಇದ್ದಾಗ ಇಗ್ನಿಷನ್‌ಗೆ ಕರೆಂಟ್ ಬರೋದು ನೀಲಿ ವೈರ್‌ನಿಂದ. ಕೀನ ಸ್ಟಾರ್ಟ್‌ಗೆ ತಿರುಗಿಸಿದ ತಕ್ಷಣ ಆ ನೀಲಿ ವೈರ್ ಸತ್ತೋಗತ್ತೆ, ಆಗ ಕಂದು ಬಣ್ಣದ ವೈರಲ್ಲಿ ಕರೆಂಟ್ ಬಂದು ಬ್ಯಾಲಸ್ಟ್ ತಪ್ಪಿಸಿ ನೇರ ಕಾಯಿಲ್‌ಗೆ ಹೋಗತ್ತೆ. ಕೀ ಬಿಟ್ಟಾಗ ಕಂದು ಸಾಯತ್ತೆ, ನೀಲಿ ಬರತ್ತೆ. ಈಗ ನೀವು ಬ್ಯಾಲಸ್ಟ್ ತೆಗೆದು ಬರೀ ನೀಲಿ ವೈರ್ ಮಾಡ್ಯೂಲಿಗೆ ಕೊಟ್ರಿ ಅನ್ಕೊಳ್ಳಿ, ಸೆಲ್ಫ್ ಹೊಡೀತಾ ಇರುವಷ್ಟು ಹೊತ್ತೂ ಸ್ಪಾರ್ಕೇ ಇರಲ್ಲ, ಕೀ ಬಿಡೋ ಕ್ಷಣದಲ್ಲಿ ಒಂದ್ಸಲ ಕೆಮ್ಮಿ ಕೆಲವೊಮ್ಮೆ ಸ್ಟಾರ್ಟ್ ಆಗತ್ತೆ ಕೆಲವೊಮ್ಮೆ ಇಲ್ಲ. ಆದ್ದರಿಂದ ಬ್ಯಾಲಸ್ಟ್ ತೆಗೆದ ಮೇಲೆ ಅದರ ಎರಡೂ ಕಡೆಯ ವೈರ್‌ಗಳನ್ನ, ಅಂದ್ರೆ ನೀಲಿ ಮತ್ತು ಕಂದು ಎರಡನ್ನೂ, ಒಟ್ಟಿಗೆ ಸೇರಿಸಿ. ಬಣ್ಣ ಮಾಸಿರತ್ತೆ, ಬಣ್ಣ ನಂಬದೆ ಮೀಟರ್ ಇಟ್ಟು ಕೀ ರನ್‌ನಲ್ಲೂ ಸ್ಟಾರ್ಟ್‌ನಲ್ಲೂ ನೋಡಿ ಖಾತ್ರಿ ಮಾಡ್ಕೊಳ್ಳಿ.

ಸೇರಿಸಿದ ಈ ವೈರನ್ನ ನೇರ ಮಾಡ್ಯೂಲಿಗೆ ಕೊಟ್ರೂ ಗಾಡಿ ಓಡತ್ತೆ. ಆದ್ರೆ ಆ ಕರೆಂಟ್ ಬರೋ ದಾರಿ ನೋಡಿ: ಬ್ಯಾಟರಿಯಿಂದ ಫೈರ್‌ವಾಲ್‌ನ ಬಲ್ಕ್‌ಹೆಡ್ ಕನೆಕ್ಟರ್ (ವೈರ್‌ಗಳು ಗೋಡೆ ದಾಟೋ ಪ್ಲಗ್), ಅಲ್ಲಿಂದ ಆಮೀಟರ್, ಇಗ್ನಿಷನ್ ಸ್ವಿಚ್, ಮತ್ತೆ ಅದೇ ಬಲ್ಕ್‌ಹೆಡ್ ಕನೆಕ್ಟರ್, ಆಮೇಲೆ ಹೊರಗೆ. ಆ ಬಲ್ಕ್‌ಹೆಡ್ ಕನೆಕ್ಟರ್ ಹಳೆ ಕ್ರೈಸ್ಲರ್ ಗಾಡಿಗಳ ಹಳೆ ರೋಗ, ಒಳಗಿನ ಪಿನ್‌ಗಳು ಹಸಿರು ತುಕ್ಕು ಹಿಡಿದು ಬಿಸಿಯಾಗಿ ಪ್ಲಾಸ್ಟಿಕ್ ಕರಗಿರತ್ತೆ. ಎಚ್‌ಇಐ ಮಾಡ್ಯೂಲ್ ಕಾಯಿಲ್‌ಗೆ 5 ಆಂಪಿಯರ್‌ಗೂ ಜಾಸ್ತಿ ಬಿಡತ್ತೆ, ಅದನ್ನೂ ಅದೇ ದಾರೀಲಿ ಎಳೆಯೋದು ಯಾಕೆ? ಇದಕ್ಕೇ ರಿಲೇ.

ರಿಲೇಯ 86ನೇ ಪಿನ್ನಿಗೆ ಆ ನೀಲಿ-ಕಂದು ಜೋಡಿ, 85 ಅರ್ತ್‌ಗೆ, 87ರಿಂದ ಮಾಡ್ಯೂಲಿನ ಬಿಗೂ ಕಾಯಿಲ್ ಪಾಸಿಟಿವ್‌ಗೂ, 30ಕ್ಕೆ ಫ್ಯೂಸ್ ಮೂಲಕ ನೇರ ಕರೆಂಟ್. ಈ 30ಕ್ಕೆ ಕರೆಂಟ್ ಎಲ್ಲಿಂದ ತಗೋಬೇಕು ಅನ್ನೋದ್ರಲ್ಲೂ ಒಂದು ವಿಷ್ಯ ಇದೆ. ಸುಲಭ ಅಂತ ಬ್ಯಾಟರಿಯಿಂದ ತಗೊಂಡ್ರೆ ಇಂಜಿನ್ ಓಡುವಾಗ ಆಲ್ಟರ್ನೇಟರ್ ಕರೆಂಟ್ ಆಮೀಟರ್ ಮೂಲಕ ಬ್ಯಾಟರಿ ಕಡೆ ಹೋಗಿ ಅಲ್ಲಿಂದ ಇಗ್ನಿಷನ್‌ಗೆ ಬರತ್ತೆ, ಮುಳ್ಳು ಯಾವಾಗಲೂ ಚಾರ್ಜ್ ಕಡೆ ವಾಲಿರತ್ತೆ, ಬಲ್ಕ್‌ಹೆಡ್ ಮೇಲಿನ ಭಾರವೂ ತಪ್ಪಲ್ಲ. ಅದಕ್ಕೇ ಆಲ್ಟರ್ನೇಟರ್ ಹಿಂದಿನ ಔಟ್‌ಪುಟ್ ಸ್ಟಡ್‌ನಿಂದ ತಗೊಳ್ಳಿ. ಫ್ಯೂಸ್ ಹೋಲ್ಡರ್ ಸ್ಟಡ್ ಹತ್ರಾನೇ ಇರ್ಲಿ, ಆ ಸ್ಟಡ್ ಯಾವಾಗಲೂ ಲೈವ್.

ಇದರ ಜೊತೆ ಬಿಟ್ಟಿಯಾಗಿ ಇನ್ನೊಂದು ಲಾಭ. ವೋಲ್ಟೇಜ್ ರೆಗ್ಯುಲೇಟರ್ ಸಿಸ್ಟಮ್ ವೋಲ್ಟೇಜ್ ಎಷ್ಟಿದೆ ಅಂತ ನೋಡೋದೂ ಅದೇ ನೀಲಿ ವೈರಲ್ಲಿ. ಆ ವೈರ್ ಮೇಲೆ ಇಗ್ನಿಷನ್ ಭಾರ ಇದ್ದಾಗ ಅಲ್ಲಿ ವೋಲ್ಟೇಜ್ ಬಿದ್ದಿರತ್ತೆ, ರೆಗ್ಯುಲೇಟರ್ ಕಮ್ಮಿ ಇದೆ ಅನ್ಕೊಂಡು ಜಾಸ್ತಿ ಚಾರ್ಜ್ ಮಾಡತ್ತೆ, ಬ್ಯಾಟರಿ ಕುದಿಯತ್ತೆ. ರಿಲೇ ಹಾಕಿದ ಮೇಲೆ ಆ ಭಾರ ಹೋಗಿ ಚಾರ್ಜಿಂಗ್ ವೋಲ್ಟೇಜ್ ಸರಿಹೋಗೋದನ್ನ ನೀವೇ ಮೀಟರಲ್ಲಿ ನೋಡ್ತೀರಿ.

ಎಲ್ಲಾ ಜಾಯಿಂಟ್ ಒಳ್ಳೆ ಕ್ರಿಂಪಿಂಗ್ ಟೂಲ್‌ನಲ್ಲಿ ಮಾಡಿ ಸ್ಲೀವ್ ಹಾಕಿ, ವೈರ್ ತಿರುಚಿ ಟೇಪ್ ಸುತ್ತೋ ಕೆಲಸ ಬೇಡ. ಬಲ್ಕ್‌ಹೆಡ್ ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ ಉಜ್ಜಿ, ಇಷ್ಟು ದೂರ ಬಂದ್ಮೇಲೆ ಅದನ್ನ ಬಿಟ್ಟು ಹೋಗೋದು ಸರಿಯಲ್ಲ.

ಪ್ಲಗ್

1974ರವರೆಗಿನ ಹೆಡ್‌ನಲ್ಲಿ ಪ್ಲಗ್‌ಗಳು ಅಲ್ಯೂಮಿನಿಯಂ ಕೊಳವೆ ಒಳಗೆ ಕೂರ್ತವೆ. ಆ ಕೊಳವೆಗೆ ರಬ್ಬರ್ ರಿಂಗ್ ಇರತ್ತೆ, ಕಲ್ಲಿನಂಗೆ ಗಟ್ಟಿಯಾಗಿ ಆಯಿಲ್ ಸೋರ್ತಿರತ್ತೆ, ಆರಕ್ಕೂ ಹೊಸದು ಹಾಕಿ. ಕೊಳವೆ ಇರೋ ಹೆಡ್‌ಗೆ ಪ್ಲಗ್ ಜೊತೆ ಬರೋ ಲೋಹದ ವಾಷರ್ ತೆಗೆದು ಹಾಕ್ಬೇಕು, ಸೀಲ್ ಮಾಡೋ ಕೆಲಸ ಕೊಳವೆನೇ ಮಾಡತ್ತೆ, ಎರಡೂ ಇದ್ರೆ ಪ್ಲಗ್ ತುದಿ ಒಳಗೆ ಪೂರ್ತಿ ಹೋಗಲ್ಲ. ಕಂಪನಿ ಗ್ಯಾಪ್ 35 ಥೌ. ಎಚ್‌ಇಐ ಜೊತೆ 40ರಿಂದ 45ರವರೆಗೆ ಹೋಗ್ಬಹುದು, ನಾನಾದ್ರೆ 40ಕ್ಕೆ ನಿಲ್ಲಿಸ್ತೀನಿ. ಗ್ಯಾಪ್ ಜಾಸ್ತಿ ಮಾಡಿದಷ್ಟೂ ಕ್ಯಾಪ್, ರೋಟರ್, ವೈರ್ ಎಲ್ಲದರ ಮೇಲೂ ವೋಲ್ಟೇಜ್ ಹೊಡೆತ ಜಾಸ್ತಿ.

ಸ್ಟಾರ್ಟ್ ಮಾಡಿ ಟೈಮಿಂಗ್ ಸೆಟ್ ಮಾಡೋದು

ಕೀ ಆನ್ ಮಾಡಿ ಮಾಡ್ಯೂಲಿನ ಬಿ ಹತ್ರ ಬ್ಯಾಟರಿಯಷ್ಟೇ ವೋಲ್ಟೇಜ್ ಇದ್ಯಾ ನೋಡಿ, ಯಾರನ್ನಾದ್ರೂ ಕೂರಿಸಿ ಸೆಲ್ಫ್ ಹೊಡೆಸಿ ಆಗಲೂ ಇದ್ಯಾ ನೋಡಿ. ಸ್ಪಾರ್ಕ್ ಟೆಸ್ಟರ್ ಇಲ್ಲದೆ ಪ್ಲಗ್ ವೈರ್ ಹಾಗೇ ಗಾಳೀಲಿ ಬಿಟ್ಟು ಸೆಲ್ಫ್ ಹೊಡೀಬೇಡಿ, ಹೊರಗೆ ದಾರಿ ಸಿಗ್ದೆ ಸ್ಪಾರ್ಕ್ ಕಾಯಿಲ್ ಒಳಗೇ ಹಾರಿ ಕಾಯಿಲ್ ಹಾಳಾಗತ್ತೆ. ಈ ಸಿಸ್ಟಮ್‌ನ ಶಾಕ್ ಪಾಯಿಂಟ್ ಶಾಕ್ ಥರ ಅಲ್ಲ, 30 ಸಾವಿರ ವೋಲ್ಟ್ ದಾಟತ್ತೆ, ಪೇಸ್‌ಮೇಕರ್ ಇರೋರು ಓಡ್ತಿರೋ ಇಂಜಿನ್ ಹತ್ರ ಕೈ ಹಾಕ್ಲೇಬಾರ್ದು.

ಇಂಜಿನ್ ಬಿಸಿಯಾದ್ಮೇಲೆ ವ್ಯಾಕ್ಯೂಮ್ ಪೈಪ್ ತೆಗೆದು ಮುಚ್ಚಿ, ಟೈಮಿಂಗ್ ಲೈಟ್ ಹಾಕಿ. ಗುರುತು ಒಂದೇ ಜಾಗದಲ್ಲಿ ನಿಂತಿದ್ರೆ ಪಿಕಪ್ ವೈರ್ ಸರಿಯಾಗಿದೆ. ಗುರುತು ಕುಣೀತಿದ್ರೆ, ಇಂಜಿನ್ ರೇಸ್ ಮಾಡಿದ್ರೆ ಮುಗ್ಗರಿಸ್ತಿದ್ರೆ, ಡಬ್ಲ್ಯೂ ಮತ್ತು ಜಿ ವೈರ್ ಅದಲು ಬದಲು ಮಾಡಿ ನೋಡಿ. ಪೊಲಾರಿಟಿ ಉಲ್ಟಾ ಇದ್ರೆ ಮಾಡ್ಯೂಲ್ ತಪ್ಪು ಜಾಗದಲ್ಲಿ ಟ್ರಿಗರ್ ಆಗತ್ತೆ, ಗಾಡಿ ಓಡತ್ತೆ ಆದ್ರೆ ಯಾವತ್ತೂ ಸರಿಯಾಗಿ ಓಡಲ್ಲ. ಎರಡೂ ರೀತಿ ನೋಡಿ ಯಾವ್ದು ಸ್ಥಿರವಾಗಿ ನಿಲ್ಲತ್ತೋ ಅದನ್ನ ಇಟ್ಕೊಂಡು, ಆಮೇಲೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಸೆಟ್ ಮಾಡಿ.

ಶುರುವಿಗೆ ಟಿಡಿಸಿಗೆ 5 ಡಿಗ್ರಿ ಮುಂಚೆ ಇಡಿ. ಆಮೇಲೆ ನಿಧಾನಕ್ಕೆ ರೇಸ್ ಮಾಡ್ತಾ ಗುರುತು ಎಲ್ಲಿವರೆಗೆ ಹೋಗತ್ತೆ ನೋಡಿ, ವ್ಯಾಕ್ಯೂಮ್ ಇಲ್ಲದೆ ಒಟ್ಟು 30 ಡಿಗ್ರಿ ಆಸುಪಾಸು ಬಂದ್ರೆ ಈ ಇಂಜಿನ್ ಖುಷಿಯಾಗಿರತ್ತೆ. ಡಿಸ್ಟ್ರಿಬ್ಯೂಟರ್ ಒಳಗಿನ ಗವರ್ನರ್ (ವೇಗ ಹೆಚ್ಚಿದಂಗೆ ಟೈಮಿಂಗ್ ಮುಂದೆ ತಳ್ಳೋ ಭಾಗ) ಮೇಲೆ 9 ಅಥವಾ 11 ಥರ ಒಂದು ನಂಬರ್ ಕೆತ್ತಿರತ್ತೆ, ಅದು ಡಿಸ್ಟ್ರಿಬ್ಯೂಟರ್ ಡಿಗ್ರಿ, ಕ್ರ್ಯಾಂಕ್‌ನಲ್ಲಿ ಅದರ ಎರಡರಷ್ಟು. 11 ಇದ್ರೆ 22 ಡಿಗ್ರಿ ಅಡ್ವಾನ್ಸ್, ಐಡಲ್ ಟೈಮಿಂಗನ್ನ 5ರಿಂದ 8ಕ್ಕೆ ಏರಿಸಿ ಅದಕ್ಕೆ ಸೇರಿಸಿದ್ರೆ 30. ಲೆಕ್ಕ ಇಷ್ಟು ಸರಳ, ಆದ್ರೂ ಕೊನೇ ತೀರ್ಪು ಕಿವಿದು. ವ್ಯಾಕ್ಯೂಮ್ ಪೈಪ್ ವಾಪಸ್ ಹಾಕಿ ಒಂದು ಏರು ರಸ್ತೇಲಿ ಟಾಪ್ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ನಾಕಿಂಗ್ (ಇಂಜಿನ್ ಒಳಗಿಂದ ಟಕಟಕ ಸದ್ದು) ಕೇಳಿಸಿದ್ರೆ ಎರಡು ಡಿಗ್ರಿ ಹಿಂದೆ ತನ್ನಿ. ಸ್ವಲ್ಪ ಆಕ್ಸಿಲರೇಟರ್‌ನಲ್ಲಿ ಹೋಗುವಾಗ ಮಾತ್ರ ನಾಕಿಂಗ್ ಬಂದ್ರೆ ಅದು ವ್ಯಾಕ್ಯೂಮ್ ಅಡ್ವಾನ್ಸ್ ಜಾಸ್ತಿ ಆಗಿರೋದು, ಕೆಲವು ಡಬ್ಬಿಯಲ್ಲಿ ಪೈಪ್ ಹಾಕೋ ಮೂತಿ ಒಳಗೆ ಸಣ್ಣ ಅಲನ್ ಕೀ ಹಾಕಿ ಅಡ್ಜಸ್ಟ್ ಮಾಡ್ಬಹುದು.

ಇದೆಲ್ಲಾ ಆದ್ಮೇಲೆ ಕಾರ್ಬ್ಯುರೇಟರ್ ಐಡಲ್ ಮತ್ತು ಮಿಕ್ಸ್ಚರ್ ಮುಟ್ಟಿ, ಅದಕ್ಕೂ ಮುಂಚೆ ಬೇಡ.

ಕೊನೇಲಿ ಒಂದು ಟೆಸ್ಟ್. ಇಂಜಿನ್ ಓಡ್ತಿರುವಾಗ ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ಮಾಡ್ಯೂಲಿನ ಬಿಗೆ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಬಾರ್ದು. ಹಾಗೇ ಬ್ಯಾಟರಿ ನೆಗೆಟಿವ್‌ಗೂ ಮಾಡ್ಯೂಲ್ ಕೂತಿರೋ ಪ್ಲೇಟಿಗೂ ಇಟ್ಟು ನೋಡಿ, ಅಲ್ಲಿ ಇನ್ನೂ ಕಮ್ಮಿ ಇರ್ಬೇಕು. ಈ ಎರಡು ನಂಬರ್ ಸರಿ ಇಲ್ಲ ಅಂದ್ರೆ ವಾಪಸ್ ವೈರಿಂಗ್ ಕಡೆ ಹೋಗಿ, ಮಾಡ್ಯೂಲ್ ಬದಲಾಯಿಸ್ತಾ ಕೂರೋದ್ರಿಂದ ಏನೂ ಆಗಲ್ಲ.

ಡಿಕ್ಕೀಲಿ ಒಂದು ಡಬ್ಬ ಇಟ್ಕೊಳ್ಳಿ: ಸ್ಪೇರ್ ಮಾಡ್ಯೂಲ್, ಥರ್ಮಲ್ ಪೇಸ್ಟ್ ಟ್ಯೂಬ್, ಒಂದು ರಿಲೇ, ಎರಡು ಫ್ಯೂಸ್, ಸ್ಕ್ರೂಡ್ರೈವರ್. ರಸ್ತೆ ಮಧ್ಯೆ ಇಗ್ನಿಷನ್ ಕೈಕೊಟ್ರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮಾಡ್ಯೂಲ್, ಈ ಆರ್ಡರಲ್ಲೇ ನೋಡಿ. ಹಳೆ ಪಾಯಿಂಟ್ ಡಿಸ್ಟ್ರಿಬ್ಯೂಟರನ್ನ ಮಾರ್ಬೇಡಿ, ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಎತ್ತಿಡಿ, ಹಳೇ ಕಾಯಿಲ್, ಬ್ಯಾಲಸ್ಟ್ ಜೊತೆಗೆ. ನಾಳೆ ಗಾಡಿ ಮಾರೋ ದಿನ ಬಂದ್ರೆ ತಗೊಳ್ಳೋರು ಮೊದಲು ಕೇಳೋದೇ ಒರಿಜಿನಲ್ ಪಾರ್ಟ್ಸ್ ಇದ್ಯಾ ಅಂತ.